ಮೂಲೆ ಬಿಡಿಸಲು ಬಂದವರು

ನಾಗಪುರದಲ್ಲಿ ಕೂಲರ್ ಇಲ್ಲದ ಮನೆ ಇಲ್ಲ. ಹೋಳಿ ಹುಣ್ಣಿಮೆ ಹತ್ತಿರ ಬಂತೆಂದರೆ ಅದು ಎಲ್ಲರ ಮನೆಯಲ್ಲೂ ಅಟ್ಟದಿಂದ, ಮಾಳಿಗೆ ಮೇಲಿನ ಗಚ್ಚಿಯಿಂದ ಕೆಳಗಿಳಿಯುತ್ತದೆ. ಗಾಳಿ ತಂಪಾಗಲೆಂದು ಅದರ ಬದಿಗಳಿಗೆ ತುಂಬಿದ ಹೋದ ವರ್ಷದ ಹುಲ್ಲು ಕಿತ್ತು ಹೊಸದು ತುಂಬುತ್ತಾರೆ, ತುಕ್ಕು ಕೆರೆದು ಬಣ್ಣ ಬಳಿಯುತ್ತಾರೆ. ನಮ್ಮ ಮನೆಯಲ್ಲಿ ಕೂಲರಿಗೆ ಇದ್ದದ್ದು ಒಂದೇ ಜಾಗ, ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕದ ಮೂಲೆ. ಆ ವರ್ಷ ಆ ಮೂಲೆಯಲ್ಲಿ ನನ್ನ ಅತ್ತೆ ಕೂತಿದ್ದರು.

ನಮ್ಮ ಮನೆಯವರು ತೀರಿಕೊಂಡದ್ದು ಚಳಿಗಾಲದಲ್ಲಿ. ಏರ್‌ಫೋರ್ಸಿನ ನೌಕರಿ ಮುಗಿದ ಮೇಲೆ ಮೌದಾದ ವಿದ್ಯುತ್ ಕೇಂದ್ರದಲ್ಲಿ ಒಬ್ಬ ಗುತ್ತಿಗೆದಾರನ ಕೆಳಗೆ ಕೆಲಸಕ್ಕೆ ಸೇರಿದ್ದರು. ನಸುಕಿನ ಬಸ್ಸಿಗೆ ಕಾಯುತ್ತ ನಿಂತವರು ನಿಂತಲ್ಲೇ ಕುಸಿದರು. ಅವರ ಊಟದ ಡಬ್ಬಿಯನ್ನು ಯಾರೋ ಮನೆಗೆ ತಂದುಕೊಟ್ಟರು. ಅದನ್ನು ಕೈಯಲ್ಲಿ ಹಿಡಿದಾಗ ಇನ್ನೂ ಬಿಸಿ ಇತ್ತು. ಹಾಗಾಗಿ ಬಂದವರು ಹೇಳಿದ್ದನ್ನು ನಾನು ಬಹಳ ಹೊತ್ತು ನಂಬಲಿಲ್ಲ.

ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಉಳಿದವರು ನಾನು ಮತ್ತು ಅವರ ತಾಯಿ.

ನಮ್ಮದು ಬಾಗಲಕೋಟೆ ಕಡೆ. ನಮ್ಮ ಮನೆತನದ ರೂಢಿಯಂತೆ ಗಂಡ ಸತ್ತವಳು ಮನೆಯ ಒಂದು ಮೂಲೆ ಹಿಡಿದು ಕೂರಬೇಕು. ಒಂದು ಚಾಪೆ, ಒಂದು ಚರಿಗೆ ನೀರು, ಬೆನ್ನಿಗೆ ಗೋಡೆ. ಯಾರ ಮನೆಗೂ ಹೋಗುವಂತಿಲ್ಲ, ಗುಡಿಗೂ ಹೋಗುವಂತಿಲ್ಲ. ಕೆಲವು ದಿನ ಕಳೆದ ಮೇಲೆ ತವರಿನವರು ಸೀರೆ ಮತ್ತು ಬೆಲ್ಲ ತಗೊಂಡು ಬರುತ್ತಾರೆ. ಅವಳ ಕೈ ಹಿಡಿದು, ‘ಏಳವ್ವಾ, ತವರಿನವರು ಬಂದೀವಿ’ ಅಂತ ಎಬ್ಬಿಸುತ್ತಾರೆ. ಹೊಸ್ತಿಲು ದಾಟಿಸಿ, ಗುಡಿಗೆ ಕರೆದೊಯ್ದು, ಬಾಯಿಗೆ ಬೆಲ್ಲ ಹಾಕಿ, ತಿರುಗಿ ಮನೆಗೆ ತಂದು ಬಿಡುತ್ತಾರೆ. ಇದಕ್ಕೆ ಮೂಲೆ ಬಿಡಿಸುವುದು ಎನ್ನುತ್ತಾರೆ. ಈಗ ಊರಲ್ಲೂ ಇದನ್ನು ಎಲ್ಲರೂ ಮಾಡುವುದಿಲ್ಲ. ಆದರೆ ಅತ್ತೆ ತಮ್ಮ ಗಂಡ ಹೋದಾಗ ಕೂತವರು. ಅವರಿಗೆ ಅದು ಮಾಡಲೇಬೇಕಾದ ಕೆಲಸ, ಬೆಳಗಾದರೆ ಬಾಗಿಲಿಗೆ ನೀರು ಹಾಕಿದ ಹಾಗೆ.

ಆದರೆ ನನಗೆ ಕೂರಲು ಆಗುವಂತಿರಲಿಲ್ಲ. ಪೆನ್ಷನ್ ಕೆಲಸ, ಬ್ಯಾಂಕಿನ ಕೆಲಸ, ಆಸ್ಪತ್ರೆಯ ಕಾಗದ, ಎಲ್ಲದಕ್ಕೂ ನಾನೇ ಓಡಾಡಬೇಕು. ಅತ್ತೆ ಒಂದು ಬೆಳಗ್ಗೆ ನನ್ನನ್ನೂ ಆ ಚಾಪೆಯನ್ನೂ ನೋಡಿದರು. “ನೀ ಅಡ್ಡ್ಯಾಡಬೇಕಾಗ್ತೈತಿ. ಮೂಲಿ ಖಾಲಿ ಇರಬಾರದು. ನಾ ಕುಂದರತೀನಿ,” ಅಂದರು. ಅಂದವರೇ ಹೋಗಿ ಕೂತುಬಿಟ್ಟರು.

ಖರೆ ಹೇಳಬೇಕೆಂದರೆ ನನಗೆ ನಿರಾಳವಾಯಿತು. ಕೆಲಸಗಳು ಇರದಿದ್ದರೂ ನನ್ನ ಕೈಲಿ ಕೂರಲು ಆಗುತ್ತಿರಲಿಲ್ಲ. ಚಹಾಕ್ಕೆ ನೀರು ಇಟ್ಟು ಗಚ್ಚಿಗೆ ಹೋಗುತ್ತಿದ್ದೆ, ಗಚ್ಚಿಯಲ್ಲಿ ನಿಂತು ಏಕೆ ಬಂದೆನೆಂದು ಮರೆಯುತ್ತಿದ್ದೆ, ಕೆಳಗೆ ಬಂದರೆ ನೀರು ಬತ್ತಿ ಪಾತ್ರೆ ಕಪ್ಪಾಗಿರುತ್ತಿತ್ತು. ಗುಡಿಸಿದ ನೆಲವನ್ನೇ ಮತ್ತೆ ಗುಡಿಸುತ್ತಿದ್ದೆ. ಸುಮ್ಮನೆ ಕೂತರೆ ಕಾಲಿನಲ್ಲಿ ಏನೋ ಹರಿದಾಡಿದಂತಾಗಿ ಎದ್ದುಬಿಡುತ್ತಿದ್ದೆ. ಅತ್ತೆ ಮೂಲೆಯಿಂದ ಇದನ್ನೆಲ್ಲ ನೋಡುತ್ತಿದ್ದರು. ಒಂದು ಸಲ ಮಾತ್ರ, “ಮನ್ಯಾಗ ಬಸ್ ಸ್ಟ್ಯಾಂಡ್ ಮಾಡಿಟ್ಟೀಯಲ್ಲವಾ,” ಅಂದರು.

ಇಷ್ಟರಲ್ಲಿ ಊರಿಂದ ನನ್ನ ಅಣ್ಣ ಬಂದ. ಚೀಲದಲ್ಲಿ ನನಗೊಂದು ಸೀರೆ, ಪೇಪರಿನಲ್ಲಿ ಸುತ್ತಿದ ಬೆಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದವನು ಮೂಲೆಯನ್ನು ನೋಡಿ ಹಾಗೇ ನಿಂತ. ಮೂಲೆಯಲ್ಲಿ ಅತ್ತೆ ಕೂತಿದ್ದರು. ನಾನು ಒಲೆಯ ಮುಂದಿದ್ದೆ.

“ಈಗ ನಾ ಯಾರನ್ನ ಎಬ್ಬಸಬೇಕು?” ಅಂದ.

ಅತ್ತೆಯೇ ದಾರಿ ಹೇಳಿದರು. ಚಾಪೆಯ ಮೇಲೆ ಸ್ವಲ್ಪ ಸರಿದು, ನನ್ನನ್ನು ಪಕ್ಕಕ್ಕೆ ಕೂರಿಸಿ ಆಮೇಲೆ ಎಬ್ಬಿಸು ಅಂದರು. ನಾನು ಹೋಗಿ ಅವರ ಪಕ್ಕ ಕೂತೆ. ಅಣ್ಣ ನನ್ನ ಕೈ ಹಿಡಿದು ಹೇಳಬೇಕಾದ ಮಾತನ್ನು ಅರ್ಧ ಹೇಳಿ ಅಳಲು ಶುರುಮಾಡಿದ. ಅತ್ತೆ ಉಳಿದ ಅರ್ಧವನ್ನು ಅವನ ಬಾಯಿಂದ ಹೇಳಿಸಿದರು. ರಸ್ತೆಯ ತಿರುವಿನ ಗುಡಿಗೆ ಹೋಗಿ, ಬೆಲ್ಲ ತಿಂದು ತಿರುಗಿ ಬಂದೆವು. ಅಷ್ಟಕ್ಕೆ ನನ್ನ ಮೂಲೆ ಬಿಟ್ಟಿತು.

ಅತ್ತೆ ಅಲ್ಲೇ ಇದ್ದರು.

ನೀವೂ ಏಳಿ ಅಂತ ಅಣ್ಣ ಕೈ ಚಾಚಿದ. ಅವರು ಕೈ ಕೊಡಲಿಲ್ಲ. “ನೀ ಅಕೀ ತವರಿನಾವ. ನನ್ನ ಎಬ್ಬಸಾಕ ನಿನಗೇನು ಸಂಬಂಧ?”

“ಬೀಗರಲ್ಲೇನ್ರಿ ಅವ್ವಾರ?”

“ಬೀಗರು ಉಣ್ಣಾಕ ಬರತಾರ. ಎಬ್ಬಸಾಕ ಬರೂದಿಲ್ಲ.”

ಅಣ್ಣ ನಕ್ಕ. ನಗು ಬಂತೆಂದು ಆಮೇಲೆ ನಾಚಿಕೊಂಡ. ಮರುದಿನ ಇತವಾರಿ ಪೇಟೆಗೆ ಹೋಗಿ, ಕೈಗಾಡಿಗಳ ನಡುವೆ ಅರ್ಧ ದಿನ ತಿರುಗಿ, ಅವರಿಗೂ ಒಂದು ಸೀರೆ ತಂದ. ತಿಳಿಹಸಿರು ಬಣ್ಣ, ಸಣ್ಣ ಅಂಚು. ಅವರು ಅದನ್ನು ಬಿಚ್ಚಿಯೂ ನೋಡಲಿಲ್ಲ. ತಮ್ಮ ತಲೆದಿಂಬಿನ ಆ ಕಡೆಗೆ ಇಟ್ಟರು. ಅಣ್ಣ ಊರಿಗೆ ಹೋದ.

ಆಗ ನನಗೆ ನಾವು ಮಾಡಿಕೊಂಡ ತೊಡಕು ತಿಳಿಯಿತು. ನನ್ನ ಜಾಗದಲ್ಲಿ ಅವರು ಕೂತರು. ನನ್ನನ್ನು ಬಿಡಿಸಲು ನನ್ನ ತವರಿತ್ತು. ಅವರ ತವರಿನಲ್ಲಿ ಯಾರೂ ಉಳಿದಿರಲಿಲ್ಲ. ತಂದೆತಾಯಿ ಹೋಗಿ ಬಹಳ ಕಾಲವಾಯಿತು. ಅಣ್ಣತಮ್ಮಂದಿರು ಒಬ್ಬರ ಹಿಂದೆ ಒಬ್ಬರು ಹೋದರು. ತಮ್ಮನ ಮಗ ಒಬ್ಬನಿದ್ದಾನೆ, ಗುಜರಾತಿನಲ್ಲಿ ಎಲ್ಲೋ. ಸುದ್ದಿ ತಿಳಿದು ಫೋನ್ ಮಾಡಿದ್ದ. ಅವನಿಗೆ ಈ ರೂಢಿ ಗೊತ್ತೂ ಇಲ್ಲ. ಹೇಳಿ ಕರೆಸುವಷ್ಟು ಬಳಕೆಯೂ ನಮಗೆ ಉಳಿದಿಲ್ಲ.

ಅವರು ಬಚ್ಚಲಿಗೆ ಎದ್ದು ಹೋಗುತ್ತಿದ್ದರು, ಗೋಡೆ ಹಿಡಿದು ತಿರುಗಿ ಬರುತ್ತಿದ್ದರು, ಅಷ್ಟೇ ಅವರ ನಡಿಗೆ. ಅರ್ಧ ರೊಟ್ಟಿ ತಿನ್ನುತ್ತಿದ್ದರು. ಮೊಣಕಾಲು ಬಾತುಕೊಂಡಿತು. ಮೊದಲು ಗೋಡೆಗೆ ಬೆರಳು ತಾಗಿಸಿ ನಡೆಯುತ್ತಿದ್ದವರು ಈಗ ಅಂಗೈಯನ್ನೇ ಊರಿ ನಡೆಯತೊಡಗಿದರು. ಧರಮಪೇಠದಲ್ಲಿ ನಾವು ಯಾವಾಗಲೂ ತೋರಿಸುವ ಡಾಕ್ಟರ ಹತ್ತಿರ ಹೋಗಿ ಕೇಳಿದೆ. ದಿನವೂ ನಡೆಯಬೇಕು, ಬಿಸಿಲು ಬಲಿಯುವ ಮೊದಲೇ ಶುರುಮಾಡಬೇಕು, ಹೀಗೇ ಕೂತರೆ ಆಮೇಲೆ ಏಳಬೇಕೆಂದರೂ ಏಳಲಾರರು ಎಂದು ಅವರು ಸ್ಪಷ್ಟವಾಗಿ ಹೇಳಿದರು. ಮನೆಗೆ ಬಂದು ಅದನ್ನು ಹಾಗೇ ಹೇಳಿದೆ. ಸಿಟ್ಟು ಮಾಡಿದೆ, ಬೇಡಿಕೊಂಡೆ. ನಿಮ್ಮ ಮಗ ಇದ್ದಿದ್ದರೆ ಹೀಗೆ ಕೂರಲು ಬಿಡುತ್ತಿದ್ದರೇ ಅಂತಲೂ ಅಂದೆ.

“ನಾ ಹಟ ಮಾಡಾಕತ್ತಿಲ್ಲವಾ,” ಅಂದರು ಅವರು. “ಕುಂತಾಕಿ ತಾನ ಏಳಬಾರದು. ಅಷ್ಟ.”

ಪಕ್ಕದ ಮನೆಗಳಲ್ಲಿ ಕೂಲರ್ ಇಳಿಸತೊಡಗಿದ್ದರು.

ನಾನು ಮ್ಯೂಸಿಯಮ್ಮಿಗೆ ಮೊದಲ ಸಲ ಹೋದದ್ದು ಈ ದಿನಗಳಲ್ಲೇ. ಸಿವಿಲ್ ಲೈನ್ಸಿನ ಒಂದು ಕಚೇರಿಯಲ್ಲಿ ಕೆಲಸವಿತ್ತು. ಊಟದ ನಂತರ ಬನ್ನಿ ಅಂದರು. ಅಷ್ಟು ಹೊತ್ತು ಎಲ್ಲಿ ಇರುವುದು? ನಮ್ಮ ಕಡೆಯ ಏರ್‌ಫೋರ್ಸ್ ಮನೆಗಳು ಕೆಲವು ಹತ್ತಿರದಲ್ಲೇ ಇದ್ದವು. ಆದರೆ ನಾನು ಹೋದರೆ ಅವರು ಟಿವಿ ಆರಿಸುತ್ತಿದ್ದರು, ಮಕ್ಕಳನ್ನು ಒಳಗೆ ಕಳಿಸುತ್ತಿದ್ದರು, ನನ್ನ ಮುಂದೆ ಕೂತು ತಮ್ಮ ಕೈ ನೋಡಿಕೊಳ್ಳುತ್ತಿದ್ದರು. ಪೇಟೆಗೆ ಹೋದರೆ ಇತವಾರಿಯ ಪ್ರತಿ ಅಂಗಡಿಯ ಮುಂದೆಯೂ ನಮ್ಮ ಮನೆಯವರು ಚೌಕಾಶಿ ಮಾಡುತ್ತ ನಿಂತ ಹಾಗಿರುತ್ತಿತ್ತು. ಧರಮಪೇಠದಲ್ಲಿ ನಾವು ಅವಲಕ್ಕಿಯ ಪೋಹೆ ತಿನ್ನುತ್ತಿದ್ದ ಜಾಗವನ್ನು ದಾಟಲು ನಾನು ರಸ್ತೆಯ ಆ ಬದಿಗೆ ಹೋಗುತ್ತಿದ್ದೆ. ಯಾರು ಏನು ಹೇಳಿದರೂ ಅವರು ‘ಬರೋಬರ್’, ಸರಿ, ಅನ್ನುವವರು. ಸಾರಿಗೆ ಉಪ್ಪು ಕಡಿಮೆ ಅಂದರೂ ಬರೋಬರ್, ನಾಳೆ ಗ್ಯಾಸ್ ಬರುವುದಿಲ್ಲ ಅಂದರೂ ಬರೋಬರ್. ಈ ಊರಲ್ಲಿ ದಿನಕ್ಕೆ ನೂರು ಜನ ಆ ಮಾತು ಆಡುತ್ತಾರೆ. ಪ್ರತಿ ಸಲವೂ ನಾನು ತಿರುಗಿ ನೋಡುತ್ತಿದ್ದೆ.

ಮ್ಯೂಸಿಯಮ್ಮಿನ ಗೇಟು ಕಂಡಾಗ ನೆನಪಾಯಿತು, ಇಷ್ಟು ವರ್ಷ ಈ ಊರಲ್ಲಿದ್ದೂ ನಾವು ಇಲ್ಲಿಗೆ ಬಂದಿರಲಿಲ್ಲ. ಒಂದು ಭಾನುವಾರ ಹೋಗೋಣ ಅನ್ನುತ್ತಲೇ ಇದ್ದೆವು. ಅವರು ಕಾಲಿಡದ ಜಾಗ ಒಂದು ಉಳಿದಿತ್ತು. ಅದು ಯಾರ ಮನೆಯೂ ಅಲ್ಲ, ಗುಡಿಯೂ ಅಲ್ಲ. ಚೀಟಿ ತಗೊಂಡು ಒಳಗೆ ಹೋದೆ.

ಏನನ್ನೂ ನಿಂತು ನೋಡಲಿಲ್ಲ. ಹಕ್ಕಿಗಳ ಕೋಣೆಯಲ್ಲಿ ಎಲ್ಲವೂ ಗಾಜಿನ ಹಿಂದೆ ಕೊಂಬೆಯ ಮೇಲೆ ಕಾಲೂರಿ ನಿಂತಿದ್ದವು, ಹಾರಲು ಸಿದ್ಧವಾಗಿ. ಅದನ್ನು ನೋಡುತ್ತಲೇ ಹೊರಗೆ ಬಂದೆ. ಹುಲಿ ಬಾಯಿ ತೆರೆದಿತ್ತು, ನಾಲಿಗೆಗೆ ಬಣ್ಣ ಬಳಿದಿದ್ದರು. ಕತ್ತಿ, ಈಟಿ, ಬಂದೂಕು. ಮಣ್ಣಿನಿಂದ ತೆಗೆದ ದೊಡ್ಡ ಎಲುಬು, ಅದರ ಪಕ್ಕ ಕಲ್ಲಾಗಿಹೋದ ಮೊಟ್ಟೆ. ಶಾಲೆಯ ಮಕ್ಕಳ ಸಾಲೊಂದು ನನ್ನನ್ನು ದಾಟಿ ಹೋಯಿತು. ಅದೇ ಸಾಲು ತಿರುಗಿ ಬರುವಾಗ ನಾನು ಆಗಲೇ ಎರಡನೇ ಸುತ್ತಿನಲ್ಲಿದ್ದೆ. ಕಾವಲಿನ ಹೆಂಗಸು ನನ್ನನ್ನು ನೋಡುತ್ತಿದ್ದಳು. ಏನಾದರೂ ಕಳೆದಿದೆಯೇ ಅಂತ ಹಿಂದಿಯಲ್ಲಿ ಕೇಳಿದಳು. ಇಲ್ಲ ಅಂದೆ.

ಕಲ್ಲಿನ ಮೂರ್ತಿಗಳ ಹಜಾರದ ಕೊನೆಯಲ್ಲಿ ಒಂದು ಬೆಂಚು, ಅದರ ಮೇಲೆ ಫ್ಯಾನು. ಕಾಲು ಸೋತು ಅಲ್ಲಿ ಕೂತೆ. ಎದುರಿಗೆ, ಮೂಲೆಯಲ್ಲಿ, ಕೂತ ಒಬ್ಬ ದೇವಿ. ಕಪ್ಪು ಕಲ್ಲು. ಒಂದು ಕೈ ಮೊಣಕೈಯಿಂದ ಇರಲಿಲ್ಲ, ಮೂಗು ಸವೆದಿತ್ತು. ಅವಳಲ್ಲಿ ವಿಶೇಷವೇನೂ ನನಗೆ ಕಾಣಲಿಲ್ಲ. ಫ್ಯಾನು ಇದ್ದದ್ದು ಅವಳ ಎದುರಿಗೆ, ಅದಕ್ಕೇ ಅಲ್ಲಿ ಕೂತೆ. ಆದರೆ ಕಚೇರಿಯ ಹೊತ್ತು ಆಗುವವರೆಗೆ ಏಳಲಿಲ್ಲ. ಎಷ್ಟೋ ದಿನಗಳಲ್ಲಿ ಅದೇ ಮೊದಲು.

ತಡವಾಗಿ ಬಂದದ್ದಕ್ಕೆ ಅತ್ತೆ ಎಲ್ಲಿದ್ದೆ ಅಂತ ಕೇಳಿದರು. ಹೇಳಿದೆ. ಅಲ್ಲಿ ಏನೇನಿದೆ ಅಂದರು. ಹುಲಿ, ಹಕ್ಕಿ, ಕತ್ತಿ, ದೇವರು ಅಂದೆ. ದೇವರು ಅಂದಕೂಡಲೇ ಅವರ ಮುಖ ಬಿಗಿಯಿತು. ಮೈಲಿಗೆಯ ಮನೆಯಿಂದ ಹೋಗಿ ದೇವರ ಮುಂದೆ ಕೂತೆಯಾ ಅಂದರು. ಪೂಜೆ ಇಲ್ಲದ ದೇವರು, ಕೈ ಮುರಿದದ್ದು, ಅಂತ ನಾನು ಬಿಡಿಸಿ ಹೇಳಿದೆ. ಅವರು ಅದನ್ನು ತೂಗಿ ನೋಡಿದರು.

“ಭಿನ್ನ ಆದಮ್ಯಾಲ ಪೂಜಿ ಇಲ್ಲ. ಪೂಜಿ ಇಲ್ಲಂದ್ರ ಮೈಲಿಗೀನೂ ಇಲ್ಲ,” ಅಂತ ತೀರ್ಪು ಕೊಟ್ಟರು. “ಹೋಗು ಬೇಕಾದ್ರ.”

ಆಮೇಲೆ ನಾನು ಮೇಲಿಂದ ಮೇಲೆ ಹೋದೆ. ಕೆಲಸವಿದ್ದಾಗ ಹೋದೆ, ಇಲ್ಲದಾಗಲೂ ಹೋದೆ. ಅಲ್ಲಿ ಹೋದರೂ ಕಾಲು ನಿಲ್ಲುತ್ತಿರಲಿಲ್ಲ. ಎಲ್ಲ ಕೋಣೆಗಳನ್ನೂ ಒಂದು ಸಲ ಬೀಸುನಡಿಗೆಯಲ್ಲಿ ಸುತ್ತಿ, ಕೊನೆಗೆ ಆ ಬೆಂಚಿಗೆ ಬರುತ್ತಿದ್ದೆ. ಕಾವಲಿನ ಹೆಂಗಸು ಈಗ ತಲೆಯಾಡಿಸುತ್ತಿದ್ದಳು. ಮನೆಗೆ ಬಂದರೆ ಅತ್ತೆ ಕೇಳುತ್ತಿದ್ದರು. ಬೇರೆ ಯಾವ ವಿಷಯಕ್ಕೂ ಬಾಯಿ ಬಿಡದವರು ಇದನ್ನು ಮಾತ್ರ ಬಿಡಿಬಿಡಿಯಾಗಿ ಕೇಳುತ್ತಿದ್ದರು. ಹುಲಿ ಗಂಡೋ ಹೆಣ್ಣೋ. ಹಕ್ಕಿಗಳ ಹೊಟ್ಟೆಯಲ್ಲಿ ಏನು ತುಂಬಿದ್ದಾರೆ. ಆ ದೇವಿಯ ಯಾವ ಕೈ ಹೋಗಿದೆ. ಸೀರೆ ಉಡಿಸಿಲ್ಲವೇ. ಹಾಗೇ ಇದ್ದಾಳೆಯೇ. ಎಲ್ಲಿ ಇಟ್ಟಿದ್ದಾರೆ ಅವಳನ್ನು.

ಮೂಲೆಯಲ್ಲಿ ಅಂದೆ.

“ಅಕೀನೂ ಮೂಲ್ಯಾಗ?” ಅಂದರು. ಮತ್ತೆ ಕೇಳಿದರು, “ಯಾವ ಊರಕಿ?”

ಅವರು ಯಾರನ್ನು ಕಂಡರೂ ಕೇಳುವ ಮೊದಲ ಮಾತು ಅದು. ನಾನು ನೋಡಿಕೊಂಡಿರಲಿಲ್ಲ. ಮುಂದಿನ ಸಲ ಹೋದಾಗ ಕಾಲ ಬಳಿಯ ಫಲಕವನ್ನು ಬಗ್ಗಿ ಓದಿದೆ. ಮರಾಠಿಯಲ್ಲಿ ಇದ್ದದ್ದು ಇಷ್ಟು, ದೇವಿ, ಕೂತ ಭಂಗಿ, ಸಿಕ್ಕ ಸ್ಥಳ ಗೊತ್ತಿಲ್ಲ. ಪಕ್ಕದ ಮೂರ್ತಿಗಳಿಗೆಲ್ಲ ಊರಿತ್ತು. ಒಂದು ಹೊಲದಲ್ಲಿ ಸಿಕ್ಕದ್ದು, ಒಂದು ಬಾವಿ ತೋಡುವಾಗ ಸಿಕ್ಕದ್ದು. ಇವಳಿಗೆ ಇರಲಿಲ್ಲ.

ಬಂದು ಅತ್ತೆಗೆ ಹೇಳಿದೆ. ಆ ಸಂಜೆ ಅವರು ರೊಟ್ಟಿ ಮುರಿದು ತಟ್ಟೆಯಲ್ಲೇ ಇಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು. ಬೆಳಗ್ಗೆ ನಾನು ಎದ್ದಾಗ ಅವರು ಮುಖ ತೊಳೆದು, ತಲೆ ಬಾಚಿ, ಚಾಪೆಯ ಮೇಲೆ ನೆಟ್ಟಗೆ ಕೂತಿದ್ದರು. ಇವತ್ತು ಮ್ಯೂಸಿಯಮ್ ತೆರೆದಿರುತ್ತದೆಯೇ ಅಂದರು.

ಅವತ್ತು ಸೋಮವಾರ. ಸೋಮವಾರ ಮುಚ್ಚಿರುತ್ತದೆ.

ನಾಳೆ ತೆರೆದಿರುತ್ತದೆ ಅಂದೆ. ಹೌದೋ, ಹಂಗಾದರೆ ನಾಳೆ ಅಂದರು. ಆ ದಿನ ಪೂರ್ತಿ ನಾನು ಮನೆ ತುಂಬ ತಿರುಗಿದೆ. ಇವರ ಮನಸ್ಸು ನಾಳೆಗೆ ಬದಲಾದರೆ ಏನು ಮಾಡುವುದು? ಬದಲಾಗದಿದ್ದರೆ, ಎದ್ದು ನಿಂತು ಅರ್ಧ ದಾರಿಯಲ್ಲಿ ಕಾಲು ಕೈಕೊಟ್ಟರೆ? ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟೆ. ಕುಂತಾಕಿ ತಾನ ಏಳಬಾರದು ಅಂತ ನೀವೇ ಅಂದಿರಲ್ಲ ಅಂದೆ.

“ನಾ ಏಳಾಕತ್ತಿಲ್ಲ,” ಅಂದರು ಅವರು. “ಎಬ್ಬಸಾಕ ಹೊಂಟೀನಿ. ಊರು ಗೊತ್ತಿಲ್ಲಂದಮ್ಯಾಲ ಯಾರು ಬೇಕಾದ್ರೂ ಅಕೀ ತವರಿನವರಂತ ಹೋಗಬಹುದು. ಬ್ಯಾಡನ್ನಾಕ ಯಾರದಾರ?”

ಅವರು ಅಣ್ಣ ತಂದ ತಿಳಿಹಸಿರು ಸೀರೆಯನ್ನು ತಲೆದಿಂಬಿನ ಹಿಂದಿನಿಂದ ತೆಗೆದು ಚೀಲದಲ್ಲಿ ಇಟ್ಟರು. ಬೆಲ್ಲ ಕೇಳಿದರು. ಕೊಟ್ಟೆ. ಅದನ್ನು ಚೀಲದಲ್ಲಿ ಇಡಲಿಲ್ಲ, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡರು.

ಮರುದಿನ ಆಟೋ ಬಾಗಿಲಿಗೆ ಬಂತು. ಹೊಸ್ತಿಲು ದಾಟುವಾಗ ಅವರು ನನ್ನ ಕೈ ಹಿಡಿಯಲಿಲ್ಲ, ಚೌಕಟ್ಟು ಹಿಡಿದು ದಾಟಿದರು. ದಾರಿಯುದ್ದಕ್ಕೂ ಹೊರಗೆ ನೋಡುತ್ತಿದ್ದರು. ಕಿತ್ತಳೆಯ ಗಾಡಿಗಳು, ರಸ್ತೆಬದಿಯಲ್ಲಿ ಸಾಲಾಗಿ ನಿಲ್ಲಿಸಿದ ಹೊಸ ಕೂಲರುಗಳು. ಬಿಸಿಲು ಇಷ್ಟು ಬಂತೇನು ಅಂತ ಮಾತ್ರ ಅಂದರು.

ಗೇಟಿನಲ್ಲಿ ಚೀಲ ಒಳಗೆ ಬಿಡುವುದಿಲ್ಲ ಅಂದರು. ಅದು ನನಗೆ ಗೊತ್ತಿದ್ದದ್ದೇ, ನಾನು ಯಾವಾಗಲೂ ಬಿಟ್ಟೇ ಹೋಗುತ್ತಿದ್ದೆ, ಹೇಳಲು ಮರೆತಿದ್ದೆ. ಅತ್ತೆ ಚೀಲವನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟರು. ಬರಿಗೈಯಲ್ಲಿ ತವರಿನವರು ಬರುತ್ತಾರೇನು ಅನ್ನುವುದು ಅವರ ವಾದ. ನಾನು ಕೌಂಟರಿನವನಿಗೂ ಅವರಿಗೂ ನಡುವೆ ಎರಡು ಭಾಷೆಯಲ್ಲಿ ಓಡಾಡಿದೆ. ಒಳಗಿನ ಮೂರ್ತಿಗೆ ಏನೂ ಉಡಿಸುವಂತಿಲ್ಲ, ಮುಟ್ಟುವಂತೆಯೂ ಇಲ್ಲ ಎಂದು ಕೊನೆಗೆ ಹೇಳಲೇಬೇಕಾಯಿತು. ತಿರುಗಿ ಹೋಗೋಣ ಅಂದುಬಿಡುತ್ತಾರೆ ಎಂದುಕೊಂಡೆ. ಅವರು ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡರು. ಚೀಲ ಕೊಟ್ಟು ಬಿಲ್ಲೆ ತಗೊಂಡರು.

ಹಜಾರದವರೆಗೆ ಹೋಗಲು ಬಹಳ ಹೊತ್ತು ಹಿಡಿಯಿತು. ಹುಲಿಯ ಮುಂದೆ ಅವರು ನಿಲ್ಲಲಿಲ್ಲ. ಎಲುಬಿನ ಮುಂದೆಯೂ ನಿಲ್ಲಲಿಲ್ಲ. ನಾನು ಓಡುನಡಿಗೆಯಲ್ಲಿ ಸುತ್ತುತ್ತಿದ್ದ ಕೋಣೆಗಳನ್ನು ಅವರ ಹಿಂದೆ ಒಂದೊಂದೇ ಹೆಜ್ಜೆ ಇಟ್ಟು ದಾಟುವಾಗ ನನ್ನ ಕಾಲು ತಡೆಯದೆ ಚಡಪಡಿಸುತ್ತಿತ್ತು. ಬೆಂಚು ತೋರಿಸಿದೆ. ಅವರು ಬೆಂಚಿಗೆ ಬರಲಿಲ್ಲ. ಅವಳ ಎದುರು ನೆಲಕ್ಕೇ ಕೂತರು, ಗೋಡೆ ಹಿಡಿದು, ಒಂದು ಮೊಣಕಾಲು ಆಮೇಲೆ ಇನ್ನೊಂದು. ಈಗ ಇಬ್ಬರ ಮುಖವೂ ಒಂದೇ ಎತ್ತರದಲ್ಲಿತ್ತು.

ಬಹಳ ಹೊತ್ತು ನೋಡಿದರು. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರಿಗೆ ಚೆನ್ನಾಗಿ ಕಾಣುತ್ತದೆ. ಆಮೇಲೆ ಕೈ ಮುಂದೆ ಚಾಚಿದರು.

ಕಾವಲಿನ ಹೆಂಗಸು ಹತ್ತಿರ ಬಂದು ಮೆತ್ತಗೆ, “ಆಜೀ, ಹಾತ್ ಲಾವೂ ನಕಾ,” ಅಂದಳು. ಅಜ್ಜಿ, ಮುಟ್ಟಬೇಡಿ ಅಂತ. ಅತ್ತೆ ಕೈ ಹಿಂದೆ ತಗೊಂಡರು. ಆದರೆ ಬೆರಳು ಮಾತ್ರ ಅತ್ತ ತೋರಿಸುತ್ತಲೇ ಇತ್ತು.

“ಇಲ್ಲಿ ಕೂಸಿತ್ತು,” ಅಂದರು.

ನಾನು ಬಗ್ಗಿ ನೋಡಿದೆ. ದೇವಿಯ ಎಡ ತೊಡೆಯ ಮೇಲೆ ಕಲ್ಲು ಒರಟಾಗಿ ಎದ್ದಿತ್ತು. ಇಷ್ಟು ದಿನ ಅದನ್ನು ಸೀರೆಯ ನಿರಿಗೆ ಅಂದುಕೊಂಡಿದ್ದೆ. ಅದರ ಕೆಳಗೆ, ಮೊಣಕಾಲಿನ ಹತ್ತಿರ, ಒಂದು ಸಣ್ಣ ಪಾದ ಇತ್ತು. ಬೆರಳುಗಳೂ ಇದ್ದವು. ಮೇಲಿನದೆಲ್ಲ ಒಡೆದುಹೋಗಿ ಪಾದ ಒಂದೇ ಉಳಿದಿತ್ತು. ಮುರಿದ ಆ ಕೈ ಕೂಸನ್ನು ಹಿಡಿದಿದ್ದ ಕೈ.

ಅತ್ತೆ ಅಳಲಿಲ್ಲ. ಮಗ ಹೋದಾಗಲೂ ಅವರು ಜೋರಾಗಿ ಅತ್ತವರಲ್ಲ. ಸೆರಗನ್ನು ತಲೆಯ ಮೇಲೆ ಸರಿ ಮಾಡಿಕೊಂಡು, ಮನೆಗೆ ಬಂದವರೊಂದಿಗೆ ಮಾತಾಡುವ ದನಿಯಲ್ಲಿ ಅಂದರು, “ಏಳವ್ವಾ. ತವರಿನವರು ಬಂದೀವಿ.”

ಫ್ಯಾನು ತಿರುಗುತ್ತಿತ್ತು. ದೂರದಲ್ಲಿ ಯಾರೋ ಮಕ್ಕಳನ್ನು ಸಾಲು ಬಿಡಬೇಡಿ ಅಂತ ಗದರುತ್ತಿದ್ದರು. ಕಾವಲಿನ ಹೆಂಗಸು ಆಜಿ ಏನು ಹೇಳುತ್ತಿದ್ದಾರೆ ಅಂತ ನನ್ನನ್ನು ಕೇಳಿದಳು. ಏನು ಹೇಳಲಿ? ದೇವಿಯನ್ನು ಮನೆಗೆ ಕರೆಯುತ್ತಿದ್ದಾರೆ ಅಂದೆ. ಅವಳು ದೇವಿಯನ್ನು ಒಮ್ಮೆ, ಅತ್ತೆಯನ್ನು ಒಮ್ಮೆ ನೋಡಿ, “ಬರೋಬರ್,” ಅಂದಳು.

ನಾನು ತಿರುಗಿ ನೋಡಿದೆ. ನಮ್ಮ ಮನೆಯವರು ಕಾಲಿಡದ ಜಾಗದಲ್ಲೂ ತಿರುಗಿ ನೋಡಿದೆ. ಹುಲಿಯ ನಾಲಿಗೆಯ ಬಣ್ಣವನ್ನು ಕಂಡಿದ್ದರೆ ಅವರು ಏನು ಅನ್ನುತ್ತಿದ್ದರು, ಕಲ್ಲಾದ ಮೊಟ್ಟೆಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತಿದ್ದರು, ಎಲ್ಲ ಒಮ್ಮೆಗೇ ತಲೆಗೆ ಬಂತು. ಬೆಂಚಿನ ತುದಿ ಹಿಡಿದುಕೊಂಡೆ.

ಅಷ್ಟರಲ್ಲಿ ಅತ್ತೆ ಏಳಲು ನೋಡುತ್ತಿದ್ದರು. ಒಂದು ಕೈ ನೆಲಕ್ಕೆ ಊರಿದರು. ಮೊಣಕಾಲು ಅರ್ಧ ಎದ್ದು ಮತ್ತೆ ನೆಲ ಹಿಡಿಯಿತು. ಇನ್ನೊಂದು ಸಲ ನೋಡಿದರು, ಆಗಲಿಲ್ಲ. ಡಾಕ್ಟರ ಮಾತು ನೆನಪಾಯಿತು. ಹೋಗಿ ಅವರ ಕೈ ಹಿಡಿದೆ.

“ಏಳ್ರಿ ಅತ್ತಿ.”

ಅವರು ಏಳಲಿಲ್ಲ. ಕೆಳಗಿನಿಂದ ನನ್ನ ಮುಖ ನೋಡಿದರು. “ಬರೇ ಏಳ್ರಿ ಅಂದ್ರ ಹೆಂಗ? ಪೂರ್ತಿ ಅನ್ನು.”

“ನಾ ನಿಮ್ಮ ತವರಿನಾಕಿ ಅಲ್ಲಲ್ರಿ,” ಅಂದೆ.

ಅವರು ಗದ್ದವನ್ನು ದೇವಿಯ ಕಡೆ ಎತ್ತಿ ತೋರಿಸಿದರು. “ಅಕೀಗೆ ನಾ ಏನಾಗಬೇಕು? ಅನ್ನು.”

ಅಣ್ಣನ ಹಾಗೆ ಅರ್ಧಕ್ಕೆ ನಿಲ್ಲಿಸಬಾರದೆಂದು ಒಂದೇ ಉಸಿರಿಗೆ ಅಂದೆ, “ಏಳ್ರಿ ಅತ್ತಿ, ತವರಿನವರು ಬಂದೀವಿ.”

ಎದ್ದರು. ಅವರ ಭಾರವೆಲ್ಲ ನನ್ನ ತೋಳಿಗೆ ಬಂತು. ಕಾವಲಿನ ಹೆಂಗಸು ಇನ್ನೊಂದು ಕಡೆಯಿಂದ ಹಿಡಿದಳು. ನಿಂತ ಮೇಲೆ ಅವರು ಅವಳ ಕೈಯನ್ನು ಬಿಡಿಸಿದರು, ನನ್ನದನ್ನು ಬಿಡಿಸಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಕಟ್ಟೆಯ ಮೇಲೆ ಕೂತೆವು. ಅವರು ಸೆರಗಿನ ಗಂಟು ಬಿಚ್ಚಿದರು. ಬೆಲ್ಲ ಬೆವರಿಗೆ ಮೆತ್ತಗಾಗಿ ಸೀರೆಗೆ ಅಂಟಿತ್ತು. ಅದನ್ನು ಉಗುರಿನಿಂದ ಬಿಡಿಸಿ ಮೊದಲು ನನ್ನ ಬಾಯಿಗೆ ಹಾಕಲು ಬಂದರು. ನನ್ನದು ಆಗಲೇ ಆಗಿದೆ ಅಂದೆ. ಅವತ್ತು ನೀನು ತಿಂದದ್ದನ್ನು ನಾನು ನೋಡಿಲ್ಲವಲ್ಲ ಅಂದರು. ತಿಂದೆ. ಉಳಿದದ್ದನ್ನು ನಾನು ಅವರ ಬಾಯಿಗೆ ಹಾಕಿದೆ. ಅವರು ಅದನ್ನು ಅಗಿಯದೆ ಬಾಯಲ್ಲೇ ಕರಗಲು ಬಿಟ್ಟು ಕೂತರು.

ಬಿಲ್ಲೆ ಕೊಟ್ಟು ಚೀಲ ತಂದೆ. ಅದರಲ್ಲಿನ ಸೀರೆಯನ್ನು ಅವರು ಮೊದಲ ಸಲ ಬಿಚ್ಚಿ ನೋಡಿದರು. ಕೊಡಲು ತಂದದ್ದನ್ನು ತಿರುಗಿ ಮನೆಗೆ ಒಯ್ಯಬಾರದು ಅನ್ನುವುದೂ ನಮ್ಮಲ್ಲಿ ಒಂದು ರೂಢಿ. ಏನು ಮಾಡುವುದು ಅಂತ ಇಬ್ಬರೂ ಅದನ್ನೇ ನೋಡುತ್ತ ಕೂತೆವು. ಕೊನೆಗೆ ನಾನು ಮಡಿಕೆ ಬಿಡಿಸಿ ಅವರ ಭುಜದ ಮೇಲೆ ಹೊದಿಸಿದೆ. ಅವರು ಬೇಡ ಅನ್ನಲಿಲ್ಲ. ನಿಮ್ಮಣ್ಣನಿಗೆ ಬಣ್ಣ ಆರಿಸಲು ಬರುತ್ತದೆ ಅಂದರು. ಆಟೋದಲ್ಲಿ ಗಾಳಿಗೆ ಅದು ಹಾರುತ್ತಿತ್ತು. ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದರು.

ಎಲ್ಲ ಸರಿಹೋಯಿತು ಅಂತ ಬರೆಯಲು ನನಗೆ ಮನಸ್ಸಿಲ್ಲ. ಆ ರಾತ್ರಿಯೂ ನಿದ್ದೆ ಬರಲಿಲ್ಲ. ಈಗಲೂ ನಾನು ನೀರು ಇಟ್ಟು ಗಚ್ಚಿಗೆ ಹೋಗುತ್ತೇನೆ. ಯಾರಾದರೂ ಬರೋಬರ್ ಅಂದರೆ ಈಗಲೂ ಕತ್ತು ತಿರುಗುತ್ತದೆ. ಆದರೆ ಅತ್ತೆ ಮರುದಿನ ಚಾಪೆಯನ್ನು ತಾವೇ ಎಳೆದು ಬಾಗಿಲ ಹತ್ತಿರ ಹಾಕಿಕೊಂಡರು. ಸಂಜೆ ನನ್ನ ತೋಳು ಹಿಡಿದು ರಸ್ತೆಯ ತಿರುವಿನವರೆಗೆ ಹೋಗಿ ಬಂದರು. ಮುಂದಿನ ಸಲ ಆ ಹುಲಿಯನ್ನು ಸರಿಯಾಗಿ ತೋರಿಸಬೇಕು ಅಂದರು.

ಆ ವಾರವೇ ಕೂಲರ್ ಇಳಿಸಿದೆ. ಪ್ರತಿ ವರ್ಷ ಅದನ್ನು ನಮ್ಮ ಮನೆಯವರೇ ಮಾಡುತ್ತಿದ್ದರು, ನನಗೆ ಬರುತ್ತಿರಲಿಲ್ಲ. ಹುಲ್ಲು ತುಂಬುವಾಗ ಕೈ ತರಚಿತು. ಪಂಪು ಮೊದಲು ಕೆಮ್ಮಿ ಆಮೇಲೆ ನೀರು ಎತ್ತಿತು. ಖಾಲಿಯಾದ ಮೂಲೆಯಲ್ಲಿ ಅದನ್ನು ಸರಿಸಿ ನಿಲ್ಲಿಸಿ, ಸ್ವಿಚ್ ಹಾಕಿ, ಗಾಳಿ ಬರುತ್ತದೋ ಇಲ್ಲವೋ ಅಂತ ಅದರ ಮುಂದೆಯೇ ನಿಂತೆ. ಹೊಸ ಹುಲ್ಲಿನ ವಾಸನೆ ಮನೆ ತುಂಬಿತು.

ಬಾಗಿಲ ಹತ್ತಿರದಿಂದ ಅತ್ತೆ ಅಂದರು, “ಗಾಳಿಗೆ ಅಡ್ಡ ನಿಂದ್ರಬ್ಯಾಡವಾ. ಕುಂದ್ರು.”

ಕೂತೆ.